ಬರ್ಜರ್ ಕಾಯಿಲೆ: ಮಂಗಳೂರು, ಉಡುಪಿ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಕಾಲಿನ ಗಾಯಕ್ಕೆ ಡ್ರೆಸ್ಸಿಂಗ್ ಮಾಡುವ ಕೋಣೆಯಲ್ಲಿ ಕೆಲಸ ಮಾಡುವವರ ಹತ್ತಿರ ಜನ ಮನಸ್ಸು ಬಿಚ್ಚಿ ಮಾತಾಡುತ್ತಾರೆ. ಡಾಕ್ಟರರ ಎದುರು ಕೇಳಲು ಸಂಕೋಚಪಟ್ಟದ್ದನ್ನು ಬ್ಯಾಂಡೇಜ್ ಬಿಚ್ಚುವಾಗ ಕೇಳುತ್ತಾರೆ. ಮನೆಗೆ ಹೋದ ಮೇಲೆ ಫೋನ್ ಮಾಡಿ ಕೇಳುವವರು, ಕಾಗದ ಬರೆದು ಕೇಳಿದವರೂ ಇದ್ದಾರೆ. ಹೀಗೆ ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಒಟ್ಟು ಮಾಡಿದ್ದೇನೆ. ಇದನ್ನು ಓದಿ ಯಾವ ಮದ್ದನ್ನೂ ನೀವಾಗಿ ಶುರು ಮಾಡಬೇಡಿ, ನಿಲ್ಲಿಸಲೂ ಬೇಡಿ. ತಂಬಾಕನ್ನು ಮಾತ್ರ ಯಾರನ್ನೂ ಕೇಳದೆ ಇವತ್ತೇ ನಿಲ್ಲಿಸಬಹುದು.

## ಕಾಯಿಲೆಯ ಪರಿಚಯ

ಚೀಟಿಯಲ್ಲಿ ಟಿ.ಎ.ಓ. ಅಂತ ಬರೆದಿದ್ದಾರೆ. ಎಂತ ಕಾಯಿಲೆ ಇದು?

ಪೂರ್ಣ ಹೆಸರು ಥ್ರಾಂಬೋ ಆಂಜೈಟಿಸ್ ಆಬ್ಲಿಟರನ್ಸ್. ಬಳಕೆಯ ಹೆಸರು ಬರ್ಜರ್ ಕಾಯಿಲೆ. 1879ರಲ್ಲಿ ಆಸ್ಟ್ರಿಯಾದ ಫೆಲಿಕ್ಸ್ ಫಾನ್ ವಿನಿವಾರ್ಟರ್ ಇಂಥ ಒಬ್ಬ ರೋಗಿಯ ಬಗ್ಗೆ ಮೊದಲು ಬರೆದರು. 1908ರಲ್ಲಿ ನ್ಯೂಯಾರ್ಕಿನ ಲಿಯೋ ಬರ್ಜರ್, ರೋಗಿಗಳಿಂದ ಕತ್ತರಿಸಿ ತೆಗೆದಿದ್ದ ಕಾಲುಗಳ ರಕ್ತನಾಳಗಳನ್ನು ಪರೀಕ್ಷಿಸಿ ಕಾಯಿಲೆಯ ಸ್ವರೂಪವನ್ನು ವಿವರವಾಗಿ ದಾಖಲಿಸಿದರು.

ಕೈಕಾಲುಗಳ ಸಣ್ಣ ಮತ್ತು ಮಧ್ಯಮ ಗಾತ್ರದ ರಕ್ತನಾಳಗಳಲ್ಲಿ ಉರಿಯೂತ ಎದ್ದು, ಒಳಗೆ ರಕ್ತ ಹೆಪ್ಪುಗಟ್ಟಿ, ದಾರಿ ಮುಚ್ಚಿಹೋಗುತ್ತದೆ. ರಕ್ತ ತರುವ ನಾಳ, ರಕ್ತ ಒಯ್ಯುವ ನಾಳ ಎರಡಕ್ಕೂ ಹೀಗಾಗಬಹುದು. ಸಾಮಾನ್ಯವಾಗಿ ಬೆರಳು, ಪಾದದಿಂದ ಶುರುವಾಗಿ ಮೇಲಕ್ಕೆ ಏರುತ್ತದೆ. ಹೃದಯ, ಮಿದುಳಿನ ನಾಳಗಳಿಗೆ ತಗಲುವುದು ಅಪರೂಪ. ಆದ್ದರಿಂದ ಇದರಲ್ಲಿ ಜೀವಕ್ಕಿಂತ ಕೈಕಾಲಿಗೆ ಅಪಾಯ ಹೆಚ್ಚು. ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ. ಒಂದೇ ತಟ್ಟೆಯಲ್ಲಿ ಉಣ್ಣಬಹುದು, ಒಂದೇ ಚಾಪೆಯಲ್ಲಿ ಮಲಗಬಹುದು.

ನನಗೆ ಶುಗರ್ ಇಲ್ಲ, ಬಿ.ಪಿ. ಇಲ್ಲ, ಕೊಲೆಸ್ಟ್ರಾಲ್ ಸರಿ ಉಂಟು. ಮೂವತ್ತೈದಕ್ಕೇ ರಕ್ತನಾಳ ಬ್ಲಾಕ್ ಆಗುವುದು ಹೇಗೆ?

ವಯಸ್ಸಾದವರಲ್ಲಿ ನಾಳದ ಒಳಗೋಡೆಗೆ ಕೊಬ್ಬು, ಸುಣ್ಣ ಕೂತು ಆಗುವ ಬ್ಲಾಕ್ ಬೇರೆ, ಇದು ಬೇರೆ. ಇಲ್ಲಿ ಕೊಬ್ಬಿನ ಪಾತ್ರ ಇಲ್ಲ. ಈ ಕಾಯಿಲೆ ಕಾಣಿಸುವುದು ಹೆಚ್ಚಾಗಿ 45–50 ವರ್ಷದ ಒಳಗಿನವರಲ್ಲಿ, ಮತ್ತು ಹೆಚ್ಚುಕಡಿಮೆ ಎಲ್ಲರೂ ತಂಬಾಕು ಬಳಸುವವರೇ. ತಂಬಾಕಿನ ಅಂಶಗಳಿಗೆ ಕೆಲವರ ದೇಹದ ರಕ್ಷಣಾ ವ್ಯವಸ್ಥೆ ಅತಿಯಾಗಿ ಕೆರಳಿ, ತನ್ನದೇ ರಕ್ತನಾಳದ ಮೇಲೆ ಎರಗುತ್ತದೆ ಎಂಬುದು ಈಗಿನ ತಿಳಿವಳಿಕೆ. ಪಕ್ಕದ ಮನೆಯ ಅಜ್ಜ ಎಂಬತ್ತರವರೆಗೂ ಸೇದಿದರು, ಅವರಿಗೆ ಏನೂ ಆಗಲಿಲ್ಲ ಎನ್ನುವವರು ಬಹಳ. ಅಜ್ಜನ ದೇಹ ಹಾಗಿತ್ತು, ನಿಮ್ಮದು ಹಾಗಿಲ್ಲ. ಅಜ್ಜನ ಲೆಕ್ಕ ಹಿಡಿದು ನಿಮ್ಮ ಕಾಲನ್ನು ಪಣಕ್ಕಿಡಬೇಡಿ.

ಬೀಡಿ ಬರೀ ಎಲೆಯಲ್ಲಿ ಸುತ್ತಿದ್ದು, ಸಿಗರೇಟಿನಷ್ಟು ಕೆಟ್ಟದ್ದಲ್ಲ ಎಂಬ ಮಾತು ನಮ್ಮ ಕಡೆ ಗಟ್ಟಿಯಾಗಿ ಬೇರೂರಿದೆ. ಅದು ತಪ್ಪು. ಬೀಡಿ ಬೇಗ ಆರುವುದರಿಂದ ಮತ್ತೆ ಮತ್ತೆ ಜೋರಾಗಿ ಎಳೆಯಬೇಕಾಗುತ್ತದೆ. ಒಳಗೆ ಹೋಗುವ ನಿಕೋಟಿನ್, ಟಾರ್, ಕಾರ್ಬನ್ ಮೊನಾಕ್ಸೈಡ್ ಸಿಗರೇಟಿಗಿಂತ ಕಡಿಮೆಯೇನಲ್ಲ, ಎಷ್ಟೋ ಸಲ ಹೆಚ್ಚೇ.

ಶುರುವಿಗೆ ಹೇಗೆ ಗೊತ್ತಾಗ್ತದೆ? ನಾನು ಸಯಾಟಿಕಾ ಅಂತ ಒಂದು ವರ್ಷ ಮದ್ದು ತಗೊಂಡೆ.

ನಡೆಯುವಾಗ ಅಂಗಾಲಿನ ನಡುವೆ ಅಥವಾ ಮೀನಖಂಡದಲ್ಲಿ ಹಿಡಿದುಕೊಂಡಂತೆ ನೋವು, ನಿಂತರೆ ಕಡಿಮೆ, ಮತ್ತೆ ನಡೆದರೆ ಮತ್ತೆ ನೋವು. ಇದು ಮೊದಲ ಸೂಚನೆ. ಸಯಾಟಿಕಾದ ನೋವು ಸೊಂಟದಿಂದ ಇಳಿಯುತ್ತದೆ, ಬಗ್ಗಿದರೆ, ಕೂತರೆ ಹೆಚ್ಚಾಗಬಹುದು. ಅಂಗಾಲಿನ ನೋವನ್ನು ಚಪ್ಪಲಿಯ ದೋಷ, ಹಿಮ್ಮಡಿ ನೋವು ಎಂದು ತಳ್ಳಿಹಾಕುವುದು ತೀರಾ ಸಾಮಾನ್ಯ, ಅಲ್ಲಿಯೇ ತಿಂಗಳುಗಟ್ಟಲೆ ಕಳೆದುಹೋಗುತ್ತದೆ.

ಬೆರಳು ತಣ್ಣಗಾಗುವುದು, ಬಿಳಚಿಕೊಂಡು ಆಮೇಲೆ ನೀಲಿಯಾಗುವುದು, ಕಾಲು ಇಳಿಬಿಟ್ಟರೆ ಕೆಂಪಗಾಗಿ ಎತ್ತಿದರೆ ಬಿಳಿಯಾಗುವುದು ಕೂಡ ಸೂಚನೆಗಳೇ. ಚರ್ಮದ ಕೆಳಗಿನ ಸಣ್ಣ ನಾಳ ಹುರಿಯಂತೆ ಗಟ್ಟಿಯಾಗಿ, ಕೆಂಪಾಗಿ ನೋಯುತ್ತದೆ. ಒಂದು ಕಡೆ ವಾಸಿಯಾಗಿ ಇನ್ನೊಂದು ಕಡೆ ಏಳುತ್ತದೆ. ಇದನ್ನು ಯಾರಾದರೂ ಹೇಳಿದರೆ ನಮಗೆ ತಕ್ಷಣ ಅನುಮಾನ ಬರುತ್ತದೆ. ಮುಂದಿನ ಹಂತದಲ್ಲಿ ಕೂತಾಗ, ಮಲಗಿದಾಗಲೂ ನೋವು. ಆಮೇಲೆ ಉಗುರಿನ ಬದಿಯಲ್ಲಿ ಮಾಯದ ಸಣ್ಣ ಹುಣ್ಣು. ಉಗುರುಸುತ್ತು ಎಂದು ಯಾರೋ ಉಗುರು ಕಿತ್ತು ಬಿಡುತ್ತಾರೆ. ರಕ್ತವೇ ಬರದ ಬೆರಳಿನಲ್ಲಿ ಆ ಗಾಯ ಮತ್ತೆ ಕೂಡುವುದಿಲ್ಲ. ಸೇದುವ ಯುವಕನ ಕಾಲ್ಬೆರಳಿಗೆ ಕತ್ತರಿ ಹಾಕುವ ಮೊದಲು ಪಾದದ ನಾಡಿ ಮುಟ್ಟಿ ನೋಡಿ ಎಂದು ನೀವೇ ಕೇಳಿ. ಅದು ಅಧಿಕಪ್ರಸಂಗ ಆಗುವುದಿಲ್ಲ.

ಹೆಂಗಸರಿಗೆ ಬರುವುದಿಲ್ಲ ಅಲ್ವಾ?

ಬರುತ್ತದೆ, ಆದರೆ ಗಂಡಸರಿಗಿಂತ ಕಡಿಮೆ. ಸೇದದಿದ್ದರೂ ಎಲೆ ಅಡಿಕೆಯೊಂದಿಗೆ ಹೊಗೆಸೊಪ್ಪು ಜಗಿಯುವ, ನಶ್ಯ ಏರಿಸುವ ಅಭ್ಯಾಸ ಇದ್ದರೆ ಡಾಕ್ಟರರಿಗೆ ಮುಚ್ಚಿಡಬೇಡಿ.

ಇದು ನಾಗದೋಷ ಅಂತ ಊರಲ್ಲಿ ಹೇಳ್ತಾರೆ. ಆಶ್ಲೇಷಾ ಬಲಿ ಮಾಡಿಸಿದ ಮೇಲೆ ಆಸ್ಪತ್ರೆಗೆ ಬಂದರೆ ಸಾಕಾ?

ಕಾಲಿನ ಚರ್ಮ ಬಣ್ಣಗೆಟ್ಟು, ಹುಣ್ಣು ವಾಸಿಯಾಗದಿದ್ದಾಗ ನಮ್ಮ ಜಿಲ್ಲೆಗಳಲ್ಲಿ ಈ ಮಾತು ಬಂದೇ ಬರುತ್ತದೆ. ನಿಮ್ಮ ನಂಬಿಕೆಯ ಬಗ್ಗೆ ನನಗೆ ತಕರಾರಿಲ್ಲ. ಪ್ರಶ್ನೆ ಇಡಿಸಿ, ಸೇವೆ ಮಾಡಿಸಿ, ಮನಸ್ಸಿಗೆ ಧೈರ್ಯ ಬರುವುದಾದರೆ ಒಳ್ಳೆಯದೇ. ಆದರೆ ದಿನ ಗೊತ್ತಾಗುವವರೆಗೆ, ಹಣ ಹೊಂದುವವರೆಗೆ ಕಾಲು ಕಾಯುವುದಿಲ್ಲ. ಮೊದಲು ಆಸ್ಪತ್ರೆ, ಅಥವಾ ಎರಡೂ ಒಟ್ಟಿಗೆ. ವ್ರತದ ದಿನಗಳಲ್ಲಿ ಹೇಗೂ ಬೀಡಿ ಮುಟ್ಟುವುದಿಲ್ಲವಲ್ಲ, ಆ ವ್ರತವನ್ನೇ ಮುಂದುವರಿಸಿ ಎಂದು ಎಷ್ಟೋ ಮನೆಯವರಿಗೆ ಹೇಳಿದ್ದೇನೆ, ಕೆಲವರಿಗೆ ಅದು ಹಿಡಿಸಿದೆ.

## ಪರೀಕ್ಷೆಗಳು

ಒಂದು ಬ್ಲಡ್ ಟೆಸ್ಟಿನಲ್ಲಿ ಗೊತ್ತಾಗುವುದಿಲ್ವಾ? ಯಾಕೆ ಇಷ್ಟೆಲ್ಲ ಮಾಡಿಸ್ತಾರೆ?

ಬರ್ಜರ್ ಇದೆ ಎಂದು ತೋರಿಸುವ ರಕ್ತಪರೀಕ್ಷೆ ಇಲ್ಲ. ಇದೇ ತರಹ ಕಾಣುವ ಬೇರೆ ಕಾಯಿಲೆಗಳನ್ನು ಒಂದೊಂದಾಗಿ ಬದಿಗೆ ಸರಿಸಿ ಇದನ್ನು ಗುರುತಿಸಬೇಕು. ಸಕ್ಕರೆ ಕಾಯಿಲೆ, ಲೂಪಸ್‌ನಂಥ ಸಂಧಿವಾತದ ಕಾಯಿಲೆಗಳು, ರಕ್ತ ಬೇಗ ಹೆಪ್ಪುಗಟ್ಟುವ ದೋಷ ಇವೆಯೇ ಎಂದು ನೋಡಲು ರಕ್ತ ತೆಗೆಯುತ್ತಾರೆ. ಹೃದಯದಿಂದ ಹೆಪ್ಪು ಹಾರಿ ಬಂದಿರಬಹುದೇ ಎಂದು ನೋಡಲು ಎಕೋ, ಅಂದರೆ ಹೃದಯದ ಸ್ಕ್ಯಾನ್.

ಕಾಲಿನ ಮಟ್ಟಿಗೆ ಮೊದಲನೆಯದು ಬೆರಳಿನಿಂದ ನಾಡಿ ಮುಟ್ಟುವುದು. ಆಮೇಲೆ ಎ.ಬಿ.ಐ.: ಪಾದದ ಬಳಿಯ ರಕ್ತದೊತ್ತಡವನ್ನು ತೋಳಿನದಕ್ಕೆ ಹೋಲಿಸುವ ಲೆಕ್ಕ. 0.9ಕ್ಕಿಂತ ಕಡಿಮೆ ಬಂದರೆ ರಕ್ತಸಂಚಾರ ಕುಗ್ಗಿದೆ ಎಂದರ್ಥ. ಬರ್ಜರ್‌ನ ಆರಂಭದಲ್ಲಿ ಬೆರಳಿನ ನಾಳಗಳಷ್ಟೇ ಮುಚ್ಚಿರುವಾಗ ಈ ಸಂಖ್ಯೆ ಸರಿಯಾಗಿಯೇ ಇರಬಹುದು. ಆದ್ದರಿಂದ ಎ.ಬಿ.ಐ. ನಾರ್ಮಲ್ ಎಂಬ ಒಂದೇ ಕಾರಣಕ್ಕೆ ಸಮಾಧಾನಪಟ್ಟುಕೊಂಡು ಮನೆಗೆ ಹೋಗಬೇಡಿ, ಬೆರಳಿನ ಒತ್ತಡ ನೋಡಿದ್ದಾರೆಯೇ ಕೇಳಿ. ಡಾಪ್ಲರ್ ಸ್ಕ್ಯಾನ್‌ನಲ್ಲಿ ರಕ್ತ ಎಲ್ಲಿವರೆಗೆ ಹರಿಯುತ್ತಿದೆ ಎಂದು ಕಾಣುತ್ತದೆ.

ಆಂಜಿಯೋಗ್ರಾಂನಲ್ಲಿ ಮೊಣಕಾಲಿನ ಕೆಳಗಿನ ನಾಳಗಳು ಅಲ್ಲಲ್ಲಿ ತುಂಡಾದಂತೆ, ಅವುಗಳ ಸುತ್ತ ಸುರುಳಿ ಸುರುಳಿಯಾದ ಸಣ್ಣ ನಾಳಗಳು ಕಾಣುತ್ತವೆ. ಶಿರಾಡಿ ಘಾಟಿಯಲ್ಲಿ ಗುಡ್ಡ ಜರಿದು ರಸ್ತೆ ಬಂದ್ ಆದಾಗ ವಾಹನಗಳು ಚಾರ್ಮಾಡಿ ಹಿಡಿಯುವ ಹಾಗೆ, ದೊಡ್ಡ ನಾಳ ಮುಚ್ಚಿದ ಮೇಲೆ ರಕ್ತ ಈ ತಿರುವುಮುರುವಿನ ದಾರಿ ಹಿಡಿದಿರುತ್ತದೆ. ಕಾಲನ್ನು ಉಳಿಸಿಕೊಟ್ಟಿರುವುದು ಅವೇ. ಸೇದಿದಾಗಲೆಲ್ಲ ಸಂಕುಚಿತಗೊಳ್ಳುವುದೂ ಅವೇ.

ಹುಣ್ಣು ಇರುವುದು ಕಾಲಿನಲ್ಲಿ. ಡಾಕ್ಟ್ರು ಕೈಯನ್ನು ಯಾಕೆ ಒತ್ತಿ ನೋಡಿದರು?

ಮುಷ್ಟಿ ಬಿಗಿದು, ಮಣಿಕಟ್ಟಿನ ಎರಡೂ ನಾಡಿಗಳನ್ನು ಅದುಮಿ ಹಿಡಿದು, ಒಂದನ್ನು ಬಿಟ್ಟಾಗ ಅಂಗೈಗೆ ಕೆಂಪು ಬೇಗ ಬರುತ್ತದೆಯೇ ಎಂದು ನೋಡುವ ಪರೀಕ್ಷೆ ಅದು. ಆಲೆನ್ ಪರೀಕ್ಷೆ ಎನ್ನುತ್ತಾರೆ. ಬರ್ಜರ್ ಒಂದೇ ಕಾಲಿಗೆ ಸೀಮಿತವಾಗಿರುವುದು ಕಡಿಮೆ. ತೊಂದರೆ ಕಾಣಿಸದ ಕೈಯಲ್ಲೂ ನಾಳ ಮುಚ್ಚಿರುವುದು ಗೊತ್ತಾದರೆ ರೋಗನಿರ್ಣಯಕ್ಕೆ ಬಲ ಬರುತ್ತದೆ.

## ತಂಬಾಕಿನ ಪ್ರಶ್ನೆಗಳು

ದಿನಕ್ಕೆ ಎರಡು ಕಟ್ಟು ಸೇದುತ್ತಿದ್ದೆ. ಈಗ ಬರೀ ಎರಡು ಬೀಡಿ. ಅಷ್ಟಕ್ಕೂ ತೊಂದರೆಯಾ?

ಹೌದು. ನೀವು ಮಾಡಿರುವ ಪ್ರಯತ್ನ ದೊಡ್ಡದು, ಅದನ್ನು ಸಣ್ಣದು ಮಾಡುತ್ತಿಲ್ಲ. ಆದರೆ ಈ ಕಾಯಿಲೆಯಲ್ಲಿ ಕಡಿಮೆ ಮಾಡುವುದಕ್ಕೂ ಬಿಡುವುದಕ್ಕೂ ನಡುವೆ ಅಜಗಜಾಂತರ ಇದೆ. ದಿನಕ್ಕೆ ಒಂದೋ ಎರಡೋ ಸೇದಿದರೂ ಉರಿಯೂತ ಜೀವಂತವಾಗಿರುತ್ತದೆ. ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನ ವೈದ್ಯರು ತಮ್ಮ ಬರ್ಜರ್ ರೋಗಿಗಳನ್ನು ವರ್ಷಗಟ್ಟಲೆ ಗಮನಿಸಿ 1990ರಲ್ಲಿ ಪ್ರಕಟಿಸಿದ ವರದಿ ಇದೆ. ಪೂರ್ತಿ ಬಿಟ್ಟವರಲ್ಲಿ ನೂರಕ್ಕೆ ಸುಮಾರು 94 ಮಂದಿಗೆ ಯಾವ ಅಂಗವನ್ನೂ ಕತ್ತರಿಸಬೇಕಾಗಲಿಲ್ಲ. ಮುಂದುವರಿಸಿದವರಲ್ಲಿ ನೂರಕ್ಕೆ ಸುಮಾರು 43 ಮಂದಿ ಬೆರಳನ್ನೋ ಕಾಲನ್ನೋ ಕಳೆದುಕೊಂಡರು. ಯಾವ ಮಾತ್ರೆಯೂ, ಯಾವ ಆಪರೇಷನ್ನೂ ಇಷ್ಟು ದೊಡ್ಡ ವ್ಯತ್ಯಾಸ ಮಾಡಿ ತೋರಿಸಿಲ್ಲ. ಬಿಡಿ ಎಂದು ಡಾಕ್ಟರರು ಹೇಳುವಾಗ ಅದು ಬುದ್ಧಿಮಾತಲ್ಲ. ಈ ಕಾಯಿಲೆಯ ಮುಖ್ಯ ಮದ್ದೇ ಅದು.

ಬೀಡಿ ಪೂರ್ತಿ ಬಿಟ್ಟೆ. ಎಲೆ ಅಡಿಕೆಗೆ ಸ್ವಲ್ಪ ಹೊಗೆಸೊಪ್ಪು ಹಾಕ್ತೇನೆ ಅಷ್ಟೆ. ಹೊಗೆ ಇಲ್ವಲ್ಲ?

ಹೊಗೆ ಇಲ್ಲದಿದ್ದರೂ ತಂಬಾಕು ತಂಬಾಕೇ. ಜಗಿಯುವ ತಂಬಾಕಿನಿಂದಲೇ ಬರ್ಜರ್ ಬಂದ, ಉಲ್ಬಣಿಸಿದ ರೋಗಿಗಳ ವರದಿಗಳು ವೈದ್ಯಕೀಯ ಪತ್ರಿಕೆಗಳಲ್ಲಿವೆ. ಗುಟ್ಕಾ, ಖೈನಿ, ನಶ್ಯ, ತಂಬಾಕಿನ ಹಲ್ಲುಪುಡಿ ಎಲ್ಲಕ್ಕೂ ಇದೇ ಉತ್ತರ. ಗಾಂಜಾ ಸೇದುವವರಲ್ಲೂ ಇಂಥದೇ ನಾಳದ ಕಾಯಿಲೆ ಕಂಡುಬಂದಿದೆ. ಇ-ಸಿಗರೇಟ್ ಮಾರಾಟವನ್ನು ನಮ್ಮ ದೇಶದಲ್ಲಿ 2019ರಲ್ಲೇ ನಿಷೇಧಿಸಿದ್ದಾರೆ. ಕದ್ದುಮುಚ್ಚಿ ಸಿಕ್ಕರೂ ಅದರಲ್ಲಿರುವುದು ನಿಕೋಟಿನ್ನೇ.

ಮೆಡಿಕಲ್ ಶಾಪಲ್ಲಿ ನಿಕೋಟಿನ್ ಚೂಯಿಂಗ್ ಗಮ್ ಸಿಗ್ತದೆ. ತಗೊಳ್ಳಬಹುದಾ?

ಬೇರೆ ಸೇದುಗರಿಗೆ ಅದು ಒಳ್ಳೆಯ ಸಹಾಯ. ನಿಮಗೆ ಮಾತ್ರ ಎಚ್ಚರಿಕೆ ಬೇಕು, ಏಕೆಂದರೆ ಬರ್ಜರ್‌ನಲ್ಲಿ ನಿಕೋಟಿನ್ ಒಂದೇ ಕಾಯಿಲೆಯನ್ನು ಚುರುಕಾಗಿ ಇಡಬಲ್ಲದು ಎಂಬ ಆತಂಕ ಇದೆ. ಆದ್ದರಿಂದ ವೈದ್ಯರು ಸಾಮಾನ್ಯವಾಗಿ ನಿಕೋಟಿನ್ ಇಲ್ಲದ ಮಾತ್ರೆಗಳನ್ನು, ಅಂದರೆ ವರೆನಿಕ್ಲಿನ್ ಅಥವಾ ಬುಪ್ರೋಪಿಯಾನ್, ಆರಿಸುತ್ತಾರೆ. ಫಿಟ್ಸ್ ಬರುವವರಿಗೆ ಬುಪ್ರೋಪಿಯಾನ್ ಆಗುವುದಿಲ್ಲ, ಅದನ್ನು ಮುಂಚೆಯೇ ತಿಳಿಸಿ. ಅಂಗಡಿಯಿಂದ ನೀವಾಗಿ ಗಮ್ ತಂದು ತಿಂಗಳುಗಟ್ಟಲೆ ಜಗಿಯಬೇಡಿ.

ಬಿಡ್ಲಿಕ್ಕೆ ಆಗುವುದೇ ಇಲ್ಲ. ನೋವು ಬಂದಾಗ ಒಂದು ಸೇದಿದರೆ ಸ್ವಲ್ಪ ಹಗುರ ಆಗ್ತದೆ. ಎಂತ ಮಾಡುವುದು?

ಈ ಪ್ರಶ್ನೆ ಕೇಳುವಾಗ ಗಂಡಸರು ಕಣ್ಣು ತಗ್ಗಿಸುತ್ತಾರೆ. ತಗ್ಗಿಸಬೇಕಾಗಿಲ್ಲ. ನಿಕೋಟಿನ್ ಮಿದುಳನ್ನು ಹಿಡಿದಿಟ್ಟುಕೊಳ್ಳುವ ರೀತಿಯೇ ಅಂಥದ್ದು, ಇದು ಮನೋಬಲ ಇಲ್ಲದವರ ಕಾಯಿಲೆ ಅಲ್ಲ. ಸೇದಿದ ಕೂಡಲೇ ಹಗುರ ಅನಿಸುವುದು ನಿಜ, ಏಕೆಂದರೆ ನಿಕೋಟಿನ್ ಇಲ್ಲದ ಚಡಪಡಿಕೆ ನಿಲ್ಲುತ್ತದೆ. ಅದೇ ಹೊತ್ತಿಗೆ ಬೆರಳಿನ ನಾಳಗಳು ಇನ್ನಷ್ಟು ಬಿಗಿಯುತ್ತವೆ, ಸ್ವಲ್ಪ ಹೊತ್ತಿನ ಮೇಲೆ ನೋವು ಮತ್ತೆ ಎದ್ದು ಕೂರುತ್ತದೆ.

ಬಿಟ್ಟ ಮೊದಲ ಎರಡು ಮೂರು ದಿನ ಅತ್ಯಂತ ಕಷ್ಟ: ಸಿಟ್ಟು, ನಿದ್ದೆಗೇಡು, ತಲೆಭಾರ. ಮೂರು ನಾಲ್ಕು ವಾರದಲ್ಲಿ ಬಹುಪಾಲು ಇಳಿಯುತ್ತದೆ. ಮೊದಲ ದಿನಗಳನ್ನು ಆಸ್ಪತ್ರೆಯಲ್ಲಿ ದಾಖಲಾಗಿರುವಾಗಲೇ ಕಳೆದರೆ ಒಳ್ಳೆಯದು. ನೋವಿಗೆ ಸರಿಯಾದ ಮದ್ದು ಸಿಗುತ್ತದೆ, ಗೂಡಂಗಡಿ ದೂರ ಇರುತ್ತದೆ. ಸೇದಬೇಕು ಅನ್ನಿಸುವ ಆಸೆ ಅಲೆಯಂತೆ ಬಂದು ಕೆಲವು ನಿಮಿಷದಲ್ಲಿ ಇಳಿಯುವುದನ್ನು ನೀವೇ ಗಮನಿಸಿ. ಆ ಹೊತ್ತಿಗೆ ನೀರು ಕುಡಿಯಿರಿ, ಬಾಯಿಗೆ ಏಲಕ್ಕಿಯೋ ಲವಂಗವೋ ಹಾಕಿಕೊಳ್ಳಿ, ಯಾರಿಗಾದರೂ ಫೋನ್ ಮಾಡಿ. ಊಟದ ನಂತರದ ಬೀಡಿ, ಚಹಾದ ಜೊತೆಗಿನ ಬೀಡಿ, ಶೌಚಕ್ಕೆ ಹೋಗುವ ಮೊದಲಿನ ಬೀಡಿ, ಹೀಗೆ ಒಂದೊಂದಕ್ಕೂ ಬೇರೆ ಉಪಾಯ ಬೇಕಾಗುತ್ತದೆ. ಚಹಾದಂಗಡಿಯ ಗೆಳೆಯರಿಗೆ ಕಾಲಿನ ವಿಷಯ ನೇರವಾಗಿ ಹೇಳಿಬಿಡಿ. ಹೇಳದೆ ಇದ್ದವರಿಗೆ ಅವರೇ ಪ್ರೀತಿಯಿಂದ ಒಂದು ಚಾಚುತ್ತಾರೆ.

ರಾಷ್ಟ್ರೀಯ ತಂಬಾಕು ಕ್ವಿಟ್‌ಲೈನ್ 1800-11-2356 ಉಚಿತ. ತಂಬಾಕಿನ ಪ್ಯಾಕೆಟ್ ಮೇಲೆಯೇ ಈ ಸಂಖ್ಯೆ ಅಚ್ಚಾಗಿರುತ್ತದೆ. ಜಿಲ್ಲಾ ಆಸ್ಪತ್ರೆಗಳಲ್ಲಿ, ಅಂದರೆ ಮಂಗಳೂರಿನ ವೆನ್‌ಲಾಕ್ ಮತ್ತು ಉಡುಪಿಯ ಅಜ್ಜರಕಾಡಿನಲ್ಲಿ, ತಂಬಾಕು ಬಿಡಿಸುವ ಆಪ್ತಸಲಹೆಯ ಬಗ್ಗೆ ವಿಚಾರಿಸಿ. ಒಮ್ಮೆ ಬಿಟ್ಟು ಮತ್ತೆ ಜಾರಿದರೆ ಅಲ್ಲಿಗೇ ಮುಗಿಯಿತು ಎಂದುಕೊಳ್ಳಬೇಡಿ. ಗೆದ್ದವರಲ್ಲಿ ಹೆಚ್ಚಿನವರು ಒಂದೇ ಸಲಕ್ಕೆ ಬಿಟ್ಟವರಲ್ಲ.

ನಮ್ಮ ಮನೆ ನಡೆಯುವುದೇ ನಾನು ಬೀಡಿ ಕಟ್ಟಿ. ಗಂಡನಿಗೆ ಈ ಕಾಯಿಲೆ. ನಾನು ಕೆಲಸ ಬಿಡಬೇಕಾ?

ಇದಕ್ಕೆ ಉತ್ತರ ಕೊಡುವಾಗ ನನಗೆ ನೋವಾಗುತ್ತದೆ. ಗಂಡ ಕಾಲುನೋವಿನಿಂದ ಕೆಲಸ ಬಿಟ್ಟು ಕೂತಿರುವಾಗ ನಿಮ್ಮ ಬೀಡಿಯ ಮಜೂರಿಯೇ ಅಕ್ಕಿಗೆ, ಮದ್ದಿಗೆ ಆಧಾರ. ನಾಳೆಯಿಂದಲೇ ಬಿಡಿ ಎಂದು ಹೇಳಿಬಿಡುವುದು ಸುಲಭ, ಅದರಿಂದ ನಿಮ್ಮ ಮನೆ ನಡೆಯುವುದಿಲ್ಲ.

ಮಾಡಬಹುದಾದದ್ದು ಇಷ್ಟು. ಅವರು ಮಲಗುವ, ಕೂರುವ ಕೋಣೆಯಲ್ಲಿ ಬೀಡಿ ಕಟ್ಟಬೇಡಿ. ಸಾಧ್ಯವಾದರೆ ನೆರೆಮನೆಯ ಜಗಲಿಯಲ್ಲಿ ಎಲ್ಲರೂ ಒಟ್ಟಿಗೆ ಕೂತು ಕಟ್ಟಿ. ಹೊಗೆಸೊಪ್ಪಿನ ಪುಡಿ, ಕಟ್ಟಿದ ಬೀಡಿ ಅವರ ಕೈಗೆ ಎಟುಕುವಲ್ಲಿ ಇರದಿರಲಿ. ಬಿಟ್ಟ ಮೊದಲ ತಿಂಗಳಲ್ಲಂತೂ ಬೀಡಿ ಕಟ್ಟುವ ತಡ್ಪೆ (ಮೊರ) ಕಣ್ಣಿಗೇ ಬೀಳದಿರಲಿ. ಎಲೆ ಕತ್ತರಿಸಿಕೊಡುವುದು, ಬೀಡಿಯ ತುದಿ ಮಡಚುವುದು, ಕಟ್ಟಿದ ಬೀಡಿಯನ್ನು ಕಂಪನಿಯ ಬ್ರಾಂಚಿಗೆ ಒಯ್ಯುವುದು, ಇಂಥ ಸಹಾಯವನ್ನು ಅವರಿಂದ ತೆಗೆದುಕೊಳ್ಳಬೇಡಿ. ಕೆಲಸ ಮುಗಿಸಿ ಕೈ ಚೆನ್ನಾಗಿ ತೊಳೆದು, ಸೀರೆಯನ್ನೋ ನೈಟಿಯನ್ನೋ ಬದಲಿಸಿ ಒಳಗೆ ಬನ್ನಿ. ಇದು ನಿಮಗೂ ಒಳ್ಳೆಯದು, ಬೀಡಿ ಕಟ್ಟುವವರ ದೇಹಕ್ಕೂ ಚರ್ಮದ, ಉಸಿರಿನ ಮೂಲಕ ನಿಕೋಟಿನ್ ಸೇರುತ್ತದೆ. ಬೀಡಿ ಕಾರ್ಮಿಕರ ಗುರುತಿನ ಚೀಟಿ ಇದ್ದರೆ ಕಾರ್ಮಿಕ ಕಲ್ಯಾಣ ಔಷಧಾಲಯದಲ್ಲಿ ಮನೆಯವರಿಗೆ ಸಿಗುವ ಸೌಲಭ್ಯ ಕೇಳಿ. ಬೇರೆ ಕೆಲಸದ ದಾರಿ ಸಿಕ್ಕಿದ ದಿನ ಆ ಕಡೆ ಹೋಗಿ.

ಅಣ್ಣ ಬಿಟ್ಟೆ ಅಂತ ಹೇಳ್ತಾರೆ, ಆದರೆ ಕದ್ದು ಸೇದ್ತಾರೆ. ಹೇಗೆ ಪತ್ತೆ ಮಾಡುವುದು?

ಮೂತ್ರದಲ್ಲಿ ಕೋಟಿನಿನ್ ಎಂಬ ಅಂಶ ಪರೀಕ್ಷಿಸಿದರೆ ಇತ್ತೀಚಿನ ದಿನಗಳಲ್ಲಿ ತಂಬಾಕು ಬಳಸಿದ್ದು ಗೊತ್ತಾಗುತ್ತದೆ. ಬಿಟ್ಟ ಮೇಲೂ ಹುಣ್ಣು ಹೆಚ್ಚುತ್ತಿದ್ದರೆ ವೈದ್ಯರು ಅದನ್ನು ಮಾಡಿಸುವುದುಂಟು. ಆದರೆ ಮನೆಯವರು ಪೊಲೀಸರಾಗುವುದು ಬೇಡ. ಕಿಸೆ ತಡಕಿ, ಮಕ್ಕಳೆದುರು ಮಾನ ಕಳೆದರೆ ಅವರು ಅಡಗಿಸುವುದನ್ನು ಕಲಿಯುತ್ತಾರೆ, ಬಿಡುವುದನ್ನಲ್ಲ. "ಎಷ್ಟು ಸೇದಿದೆ ಅಣ್ಣ, ಯಾವಾಗ ಬೇಕು ಅನಿಸ್ತು?" ಎಂದು ಬೈಯದೆ ಕೇಳಿ. ನಿಜ ಹೇಳಿದ ದಿನ ಅವರನ್ನು ಆಪ್ತಸಲಹೆಗೆ ಕರೆದುಕೊಂಡು ಹೋಗಿ.

## ದಿನನಿತ್ಯದ ಆರೈಕೆ

ರಾತ್ರಿ ನೋವಿಗೆ ನಿದ್ದೆ ಇಲ್ಲ. ಹಂಡೆಯ ಬಿಸಿನೀರಿನಲ್ಲಿ ಕಾಲು ಇಟ್ಟರೆ ಆಗ್ತದಾ?

ದಯವಿಟ್ಟು ಬೇಡ. ರಕ್ತ ಕಡಿಮೆ ಇರುವ ಪಾದಕ್ಕೆ ಬಿಸಿಯ ಅಂದಾಜು ಸಿಗುವುದಿಲ್ಲ, ಸುಟ್ಟದ್ದು ಗೊತ್ತಾಗುವಾಗ ಚರ್ಮ ಸುಲಿದಿರುತ್ತದೆ. ಒಲೆಯ ಬದಿ ಕಾಲು ಚಾಚುವುದು, ಬಿಸಿನೀರಿನ ಚೀಲ, ಉಪ್ಪಿನ ಶಾಖ ಯಾವುದೂ ಬೇಡ. ಹತ್ತಿಯ ಸಡಿಲ ಕಾಲುಚೀಲ, ಹೊದಿಕೆ ಸಾಕು. ನೋವಿರುವ ಕಾಲನ್ನು ಗಟ್ಟಿಯಾಗಿ ತಿಕ್ಕಿಸಿಕೊಳ್ಳಬೇಡಿ.

ರಾತ್ರಿ ಮಂಚದಿಂದ ಕಾಲು ಇಳಿಬಿಟ್ಟು ಕೂತರೆ ಹಾಯೆನಿಸುವುದು ರಕ್ತ ಕೆಳಕ್ಕೆ ಹರಿಯುವುದರಿಂದ. ಆದರೆ ಇಡೀ ರಾತ್ರಿ ಹಾಗೆ ಕೂತರೆ ಪಾದ ಬಾತು, ಹುಣ್ಣು ವಾಸಿಯಾಗುವುದು ಇನ್ನಷ್ಟು ತಡವಾಗುತ್ತದೆ. ಮಂಚದ ತಲೆಯ ಬದಿಯನ್ನು ಹಲಗೆ ಕೊಟ್ಟು 10–15 ಸೆಂಟಿಮೀಟರ್ ಎತ್ತರಿಸಿ ಮಲಗಿ ನೋಡಿ. ಕೂತಾಗಲೂ ಇರುವ ನೋವು ಕಾಯಿಲೆ ಮುಂದುವರಿದ ಲಕ್ಷಣ. ಅಂಗಡಿಯ ನೋವಿನ ಮಾತ್ರೆ ನುಂಗಿ ತಳ್ಳುವುದು ಬಿಟ್ಟು ಆ ವಾರವೇ ತೋರಿಸಿ.

ನಾನು ಮಲ್ಪೆಯಲ್ಲಿ ಬೋಟಿಗೆ ಹೋಗುವವನು. ಐಸ್ ಮುಟ್ಟದೆ ಆಗುವುದಿಲ್ಲ. ಕೆಲಸ ಮುಂದುವರಿಸಬಹುದಾ?

ತಣ್ಣಗಾದಾಗ ನಾಳಗಳು ಸೆಟೆಯುತ್ತವೆ. ಮೀನಿಗೆ ಐಸ್ ತುಂಬುವ ಕೆಲಸ ಈ ಕಾಯಿಲೆಗೆ ನೇರ ವೈರಿ. ಕಾಯಿಲೆ ಚುರುಕಾಗಿರುವಾಗ, ಬೆರಳಿನಲ್ಲಿ ಹುಣ್ಣು ಇರುವಾಗ ಐಸ್ ಬೇಡವೇ ಬೇಡ. ಬೋಟು ನಡೆಸುವ ತಂಡೇಲರೊಂದಿಗೆ ಮಾತಾಡಿ ಬೇರೆ ಕೆಲಸಕ್ಕೆ ಬದಲಾಯಿಸಿಕೊಳ್ಳಿ. ಹುಣ್ಣು ಮಾಯ್ದು, ತಂಬಾಕು ಬಿಟ್ಟ ಮೇಲೂ ಐಸ್ ಮುಟ್ಟುವುದಾದರೆ ಒಳಗೆ ಬಟ್ಟೆಯ, ಹೊರಗೆ ರಬ್ಬರಿನ ಗ್ಲೌಸ್ ಹಾಕಿ, ಒದ್ದೆಯಾದ ಕೂಡಲೇ ಬದಲಿಸಿ. ಮೀನಿನ ಮುಳ್ಳು ಚುಚ್ಚಿದರೆ ಅದನ್ನು ಸಣ್ಣ ವಿಷಯ ಎಂದು ಬಿಡಬೇಡಿ.

ಜೂನ್ ಬರಲಿ, ಬೋಟ್ ನಿಂತ ಮೇಲೆ ತೋರಿಸ್ತೇನೆ ಎಂದು ಕಾಯುವವರು ಪ್ರತಿ ವರ್ಷ ಇರುತ್ತಾರೆ. ಜೂನ್ 1ರಿಂದ ಜುಲೈ 31ರವರೆಗಿನ ಮೀನುಗಾರಿಕೆ ನಿಷೇಧದ ಸಮಯವನ್ನು ಚೇತರಿಕೆಗೆ ಬಳಸಿ. ಬೆರಳು ಫೆಬ್ರವರಿಯಲ್ಲಿ ನೀಲಿಯಾಗಿದ್ದರೆ ಫೆಬ್ರವರಿಯಲ್ಲೇ ಬನ್ನಿ.

ಮಳೆಗಾಲದಲ್ಲಿ ಪಾದ ಹೇಗೆ ಕಾಪಾಡುವುದು? ದೇವಸ್ಥಾನಕ್ಕೆ ಬರಿಗಾಲಲ್ಲಿ ಹೋಗಬಹುದಾ?

ದಿನಾ ಸಂಜೆ ಪಾದ ತೊಳೆದು, ಬೆರಳ ಸಂದಿ ಒಣಗಿಸಿ, ಬೆಳಕಿನಲ್ಲಿ ಅಂಗಾಲು ನೋಡಿ; ಬಗ್ಗಲು ಆಗದಿದ್ದರೆ ಮನೆಯವರು ನೋಡಲಿ. ಬೆರಳ ಸಂದಿಗೆ ಎಣ್ಣೆ ಬೇಡ, ಹಿಮ್ಮಡಿಗೆ ಹಚ್ಚಬಹುದು. ಉಗುರನ್ನು ನೇರವಾಗಿ, ಅಂಚು ಕೊರೆಯದೆ ಕತ್ತರಿಸಿ, ಆಣಿಗೆ ಬ್ಲೇಡ್ ಹಾಕಬೇಡಿ. ಬೆರಳು ಕಚ್ಚುವ ಹವಾಯಿ ಚಪ್ಪಲಿಗಿಂತ ಮುಂಭಾಗ ಅಗಲವಾಗಿರುವ, ಮೆತ್ತಗಿನ ಚಪ್ಪಲಿ ಒಳ್ಳೆಯದು. ಗದ್ದೆಯ ಕೆಸರಿಗೆ ಬಿರಿದ ಕಾಲಿನಲ್ಲಿ ಇಳಿಯಬೇಡಿ. ಇಲಿಜ್ವರದ ಭಯ ಎಲ್ಲರಿಗೂ ಇದೆ, ನಿಮಗೆ ಗಾಯ ವಾಸಿಯಾಗದ ಭಯವೂ ಜೊತೆಗೆ ಇದೆ. ದೇವಸ್ಥಾನದ ಅಂಗಳದ ಕಲ್ಲು ಏಪ್ರಿಲ್ ಬಿಸಿಲಿಗೆ ಕಾದಿರುತ್ತದೆ, ಬೆಳಿಗ್ಗೆ ಬೇಗ ಹೋಗಿ ಬನ್ನಿ, ಹುಣ್ಣು ಇದ್ದರೆ ಮನೆಯಲ್ಲೇ ಕೈಮುಗಿಯಿರಿ.

ನಡೆದರೆ ನೋವು ಬರ್ತದೆ. ನಡೆಯುವುದನ್ನೇ ಬಿಡಬೇಕಾ?

ಹುಣ್ಣು, ಕಪ್ಪಾದ ಬೆರಳು, ಕೂತಾಗಿನ ನೋವು ಇಲ್ಲದಿದ್ದರೆ ನಡೆಯಬೇಕು. ನೋವು ಬರುವವರೆಗೆ ನಡೆದು, ನಿಂತು, ಕಡಿಮೆಯಾದ ಮೇಲೆ ಮತ್ತೆ ನಡೆಯಿರಿ. ವಾರಕ್ಕೆ ಕನಿಷ್ಠ ಮೂರು ದಿನ, ಅರ್ಧ ಗಂಟೆಯಷ್ಟು. ತಿಂಗಳುಗಳು ಕಳೆದಂತೆ ನೋವಿಲ್ಲದೆ ನಡೆಯುವ ದೂರ ಹೆಚ್ಚುತ್ತದೆ. ಹುಣ್ಣು ಇದ್ದರೆ ಮೊದಲು ಅದು ಮಾಯಲಿ.

## ಚಿಕಿತ್ಸೆಯ ಪ್ರಶ್ನೆಗಳು

ಸಿಲೋಸ್ಟಾಜೋಲ್ ಅಂತ ಮಾತ್ರೆ ಕೊಟ್ಟಿದ್ದಾರೆ. ತಲೆನೋವು ಬರ್ತದೆ, ನಿಲ್ಲಿಸಲಾ?

ಅದು ನಾಳಗಳನ್ನು ಸ್ವಲ್ಪ ಹಿಗ್ಗಿಸಿ, ರಕ್ತದ ಕಣಗಳು ಅಂಟಿಕೊಳ್ಳುವುದನ್ನು ತಗ್ಗಿಸುತ್ತದೆ. ತಲೆನೋವು, ಎದೆ ಡವಡವ, ಸಡಿಲ ಭೇದಿ ಸಾಮಾನ್ಯ ಅಡ್ಡಪರಿಣಾಮಗಳು, ಹಲವರಲ್ಲಿ ಕ್ರಮೇಣ ತಗ್ಗುತ್ತವೆ. ಊಟಕ್ಕೆ ಅರ್ಧ ಗಂಟೆ ಮೊದಲು ಅಥವಾ ಎರಡು ಗಂಟೆ ನಂತರ ತೆಗೆದುಕೊಳ್ಳಬೇಕು. ಹಾರ್ಟ್ ಫೇಲ್ಯೂರ್ ಇರುವವರಿಗೆ ಕೊಡಲೇಬಾರದು. ಗ್ಯಾಸ್ಟ್ರಿಕ್ಕಿಗೆ ಒಮೆಪ್ರಜೋಲ್ ನುಂಗುತ್ತಿದ್ದರೆ ತಿಳಿಸಿ, ಅದರ ಜೊತೆ ಈ ಮಾತ್ರೆಯ ಪ್ರಮಾಣ ಇಳಿಸಬೇಕಾಗುತ್ತದೆ. ಶೀತಕ್ಕೆ ಕೊಡುವ ಮೂಗು ಬಿಡಿಸುವ ಮಾತ್ರೆಗಳು, ಮೈಗ್ರೇನಿನ ಎರ್ಗೊಟಮಿನ್ ನಾಳವನ್ನು ಬಿಗಿಸುತ್ತವೆ, ಅವನ್ನು ತೆಗೆದುಕೊಳ್ಳುವ ಮೊದಲು ನಿಮ್ಮ ಕಾಯಿಲೆ ಹೇಳಿ.

ಹುಣ್ಣು, ವಿಪರೀತ ನೋವು ಇದ್ದಾಗ ಐಲೋಪ್ರಾಸ್ಟ್‌ನಂಥ ಪ್ರೋಸ್ಟಾಗ್ಲಾಂಡಿನ್ ಗುಂಪಿನ ಮದ್ದನ್ನು ದಿನಕ್ಕೆ ಹಲವು ಗಂಟೆ ಡ್ರಿಪ್‌ನಲ್ಲಿ, ವಾರಗಟ್ಟಲೆ ಕೊಡುವುದುಂಟು. ನೋವು ಇಳಿಸುವುದರಲ್ಲಿ, ಹುಣ್ಣು ಮಾಯಿಸುವುದರಲ್ಲಿ ಅದು ಆಸ್ಪಿರಿನ್‌ಗಿಂತ ಮೇಲು ಎಂದು ಪರೀಕ್ಷೆಗಳಲ್ಲಿ ಕಂಡಿದೆ.

ಹೃದಯಕ್ಕೆ ಸ್ಟೆಂಟ್ ಹಾಕುವ ಹಾಗೆ ಕಾಲಿಗೂ ಹಾಕಿ ಬಿಡಬಹುದಲ್ಲ?

ಬೈಪಾಸ್ ಮಾಡಲು ಬ್ಲಾಕಿನ ಕೆಳಗೆ ಒಂದು ತೆರೆದ ನಾಳ ಬೇಕು. ಬರ್ಜರ್ ಮುಚ್ಚುವುದು ತುದಿಯ ಸಣ್ಣ ನಾಳಗಳನ್ನೇ, ಹೊಸ ನಾಳ ಜೋಡಿಸಲು ಜಾಗವೇ ಸಿಗುವುದಿಲ್ಲ. ಕೆಲವರಲ್ಲಿ ಸಾಧ್ಯವಾಗುತ್ತದೆ, ಬಲೂನ್ ಹಾಕಿ ತೆರೆಯುವ ಪ್ರಯತ್ನವನ್ನೂ ಮಾಡುತ್ತಾರೆ. ಆದರೆ ಸೇದುವುದು ನಿಲ್ಲದಿದ್ದರೆ ತೆರೆದದ್ದು ಮತ್ತೆ ಮುಚ್ಚುತ್ತದೆ.

ಸೊಂಟದ ನರ ಕತ್ತರಿಸುವ ಆಪರೇಷನ್ ಹೇಳಿದ್ದಾರೆ. ಕಾಲು ಬಲ ಕಳಕೊಳ್ಳುವುದಿಲ್ವಾ?

ಇಲ್ಲ. ಅದು ನಡೆಯಲು ಬೇಕಾದ ನರ ಅಲ್ಲ, ನಾಳವನ್ನು ಬಿಗಿಯಲು ಆಜ್ಞೆ ಕೊಡುವ ನರ. ಲಂಬಾರ್ ಸಿಂಪಥೆಕ್ಟಮಿ ಎನ್ನುತ್ತಾರೆ. ಆ ಬದಿಯ ಪಾದ ಬೆಚ್ಚಗಾಗಿ, ಬೆವರು ನಿಂತು ಒಣಗುತ್ತದೆ. ಕೆಲವರಿಗೆ ನೋವು ತಗ್ಗಿ ಮೇಲ್ಮೈಯ ಹುಣ್ಣು ಮಾಯುತ್ತದೆ. ಮುಚ್ಚಿದ ನಾಳ ಇದರಿಂದ ತೆರೆಯುವುದಿಲ್ಲ, ಎಲ್ಲರಿಗೂ ಫಲ ಸಿಗುವುದೂ ಇಲ್ಲ. ಎರಡೂ ಬದಿ ಮಾಡುವುದಾದರೆ ಗಂಡಸರಿಗೆ ವೀರ್ಯಸ್ಖಲನದ ತೊಂದರೆ ಬರಬಹುದು. ಮಕ್ಕಳಾಗಬೇಕಿರುವ ವಯಸ್ಸಿನವರು ಆಪರೇಷನ್ನಿಗೆ ಮೊದಲೇ ಇದನ್ನು ಬಾಯಿಬಿಟ್ಟು ಕೇಳಬೇಕು.

ಸ್ಟೆಮ್ ಸೆಲ್ ಇಂಜೆಕ್ಷನ್ನಿನಿಂದ ಕಾಲು ಉಳಿಯುತ್ತದಂತೆ. ಹೌದಾ?

ಬೆಂಗಳೂರಿನ ಸ್ಟೆಂಪ್ಯೂಟಿಕ್ಸ್ ಸಂಸ್ಥೆ ಬೆಳೆಸಿದ ಇಂಥ ಒಂದು ಔಷಧಕ್ಕೆ, ಬರ್ಜರ್‌ನಿಂದ ಕಾಲಿಗೆ ತೀವ್ರ ರಕ್ತದ ಕೊರತೆಯಾದವರಲ್ಲಿ ಬಳಸಲು, 2016ರಲ್ಲಿ ಕೇಂದ್ರದ ಔಷಧ ನಿಯಂತ್ರಕರು ಸೀಮಿತ ಅನುಮತಿ ಕೊಟ್ಟರು. ಆರೋಗ್ಯವಂತ ದಾನಿಗಳ ಅಸ್ಥಿಮಜ್ಜೆಯ ಕೋಶಗಳನ್ನು ಬೆಳೆಸಿ ಮೀನಖಂಡದ ಸ್ನಾಯುವಿಗೆ ಚುಚ್ಚುತ್ತಾರೆ. ಬೈಪಾಸ್ ಸಾಧ್ಯವಿಲ್ಲದವರಲ್ಲಿ ನೋವು, ಹುಣ್ಣು ಕಡಿಮೆಯಾದ ಫಲಿತಾಂಶಗಳಿವೆ. ದುಬಾರಿ, ಮತ್ತು ಎಲ್ಲರಿಗೂ ಹೊಂದುವುದಿಲ್ಲ. ಸ್ಟೆಮ್ ಸೆಲ್ ಹೆಸರಿನಲ್ಲಿ ಯಾರ ಅನುಮತಿಯೂ ಇಲ್ಲದ ಚಿಕಿತ್ಸೆ ಮಾರುವವರೂ ಇದ್ದಾರೆ. ಗದ್ದೆ ಅಡವಿಡುವ ಮೊದಲು ರಕ್ತನಾಳದ ಸರ್ಜನ್ ಒಬ್ಬರ ಅಭಿಪ್ರಾಯ ಪಡೆಯಿರಿ.

ಬೆರಳು ಕಪ್ಪಾಗಿದೆ. ಕತ್ತರಿಸಲೇಬೇಕಾ?

ಒಣಗಿ, ವಾಸನೆ ಇಲ್ಲದೆ, ಗೆರೆ ಎಳೆದಂತೆ ಕಪ್ಪು ನಿಂತಿದ್ದರೆ ವೈದ್ಯರು ಅವಸರ ಮಾಡದೆ ಕಾಯಬಹುದು. ಕೆಲವೊಮ್ಮೆ ಅದು ತಾನೇ ಕಳಚುತ್ತದೆ. ಅದನ್ನು ನೀರಿನಲ್ಲಿ ನೆನೆಸಬೇಡಿ, ಅರಿಸಿನ, ಸೊಪ್ಪಿನ ರಸ, ಬೂದಿ ಮೆತ್ತಬೇಡಿ. ಒದ್ದೆಯಾಗಿ, ವಾಸನೆ ಬಂದು, ಸುತ್ತ ಕೆಂಪೇರಿದರೆ ಸೋಂಕು ಮೇಲೇರುತ್ತಿದೆ, ಆಗ ತಡ ಮಾಡಿದಷ್ಟೂ ಹೆಚ್ಚು ಭಾಗ ಹೋಗುತ್ತದೆ. ಮೊಣಕಾಲಿನ ಕೆಳಗೆ ತೆಗೆದವರು ಕೃತಕ ಕಾಲು ಹಾಕಿ ನಡೆಯುತ್ತಾರೆ, ದುಡಿಯುತ್ತಾರೆ. ಅಂಗವೈಕಲ್ಯ ಶೇ. 40 ಅಥವಾ ಹೆಚ್ಚಿದ್ದರೆ ಅಂಗವಿಕಲರ ಗುರುತಿನ ಚೀಟಿಯಾದ ಯು.ಡಿ.ಐ.ಡಿ. ಕಾರ್ಡಿಗೆ ಅರ್ಜಿ ಹಾಕಿ.

ಯಾವಾಗ ರಾತ್ರಿಯೇ ಆಸ್ಪತ್ರೆಗೆ ಓಡಬೇಕು?

ಕಾಲೋ ಕೈಯೋ ಹಠಾತ್ತನೆ ತಣ್ಣಗಾಗಿ, ಬಿಳಿಚಿ, ಸಹಿಸಲಾಗದ ನೋವು ಬಂದು, ಮರಗಟ್ಟಿ, ಬೆರಳು ಆಡಿಸಲು ಆಗದಿದ್ದರೆ ಬೆಳಗಾಗುವವರೆಗೆ ಕಾಯಬೇಡಿ. ಸುಮಾರು ಆರು ಗಂಟೆಯೊಳಗೆ ರಕ್ತ ಮರಳದಿದ್ದರೆ ಸ್ನಾಯು ಸಾಯಲು ಶುರುವಾಗುತ್ತದೆ. 108ಕ್ಕೆ ಕರೆ ಮಾಡಿ. ಜ್ವರ, ನಡುಕದೊಂದಿಗೆ ಹುಣ್ಣು ಕೊಳೆತ ವಾಸನೆ ಬಂದರೂ ಅದೇ ರಾತ್ರಿ ಹೊರಡಿ.

ಇಷ್ಟಕ್ಕೆಲ್ಲ ಹಣ ಎಲ್ಲಿಂದ?

ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ, ಎ.ಪಿ.ಎಲ್.ನವರಿಗೆ ಪ್ಯಾಕೇಜ್ ದರದ ಶೇ. 30ರಷ್ಟು, ಗರಿಷ್ಠ 1.5 ಲಕ್ಷದವರೆಗೆ ನೆರವಿದೆ. ತುರ್ತು ಅಲ್ಲದಿದ್ದರೆ ಸರಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕಾಗುತ್ತದೆ. ಹಾಗಾಗಿ ಪಡಿತರ ಚೀಟಿ, ಆಧಾರ್ ಹಿಡಿದು ಮೊದಲು ಜಿಲ್ಲಾ ಅಥವಾ ತಾಲೂಕು ಆಸ್ಪತ್ರೆಗೆ ಹೋಗಿ. ನಿಮ್ಮ ಚಿಕಿತ್ಸೆ ಪಟ್ಟಿಯಲ್ಲಿದೆಯೇ ಎಂದು ದಾಖಲಾಗುವ ಮೊದಲೇ ಆಸ್ಪತ್ರೆಯಲ್ಲಿ ಈ ಯೋಜನೆಯ ಸಹಾಯಕ್ಕಿರುವ ಆರೋಗ್ಯಮಿತ್ರರಲ್ಲಿ ಕೇಳಿ.

ಬಿಟ್ಟು ಎರಡು ವರ್ಷ ಆಯ್ತು, ಹುಣ್ಣು ಎಲ್ಲ ಹೋಗಿದೆ. ಮದುವೆ ಮನೆಯಲ್ಲಿ ಅಪರೂಪಕ್ಕೆ ಒಂದು ಸೇದಿದರೆ?

ಹುಣ್ಣು ಹೋಗಿದೆ, ಆದರೆ ಮುಚ್ಚಿದ ನಾಳಗಳು ಮುಚ್ಚಿಯೇ ಇವೆ, ನಿಮ್ಮ ದೇಹ ತಂಬಾಕಿಗೆ ಕೆರಳುವ ಗುಣವೂ ಹಾಗೆಯೇ ಇದೆ. ವರ್ಷಗಳ ನಂತರ ಮತ್ತೆ ಶುರು ಮಾಡಿದವರಲ್ಲಿ ಕಾಯಿಲೆ ಮರಳಿದೆ. ಬೇಗ ದಣಿಯುವ ಕಾಲು, ಚಳಿಗೆ ಜುಮ್ಮೆನ್ನುವ ಬೆರಳು ಬಿಟ್ಟ ಮೇಲೂ ಸ್ವಲ್ಪ ಉಳಿಯಬಹುದು, ಅದಕ್ಕೆ ಹೆದರಬೇಡಿ. ಮದುವೆ ಮನೆಯಲ್ಲಿ ಯಾರಾದರೂ ಒತ್ತಾಯಿಸಿದರೆ "ಡಾಕ್ಟ್ರು ಒಂದೂ ಆಗದು ಅಂದಿದ್ದಾರೆ" ಎಂದು ಹೇಳಿ ಊಟದ ಪಂಕ್ತಿಗೆ ಹೋಗಿ ಕೂತುಬಿಡಿ. ಒಂದು ಸೇದಿಬಿಟ್ಟಿದ್ದರೆ ಮುಚ್ಚಿಡದೆ ಮರುದಿನವೇ ನಮಗೆ ಫೋನ್ ಮಾಡಿ, ಎರಡನೆಯದರ ಮೊದಲು.